ಆಟಗಾರ ಯಾರ ಸ್ವತ್ತು?

1887ನೆಯ ಇಸವಿಯ ಆಗಸ್ಟ್ ತಿಂಗಳು. ಅಮೆರಿಕದ ಫಿಲಡೆಲ್ಫಿಯಾ ನಗರದಿಂದ ಹೊರಡುತ್ತಿದ್ದ ‘ಲಿಪಿನ್‌ಕಾಟ್ಸ್’ ಎಂಬ ಸಾಹಿತ್ಯ ಮಾಸಪತ್ರಿಕೆಯಲ್ಲಿ, ಕಥೆ ಕವಿತೆಗಳ ನಡುವೆ, ಒಂದು ಲೇಖನ ಅಚ್ಚಾಗಿತ್ತು. ಬೇಸ್‌ಬಾಲ್ ಆಟಗಾರನು ಒಂದು ಚರಸ್ವತ್ತೆ ಎಂಬ ಪ್ರಶ್ನೆಯೇ ಅದರ ತಲೆಬರಹ. ಚರಸ್ವತ್ತು ಎಂದರೆ ಮನೆ ಹೊಲಗಳಂತೆ ನೆಲಕ್ಕೆ ಅಂಟಿಕೊಂಡಿರದೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿಸಬಹುದಾದ ಸೊತ್ತು; ದನಕರು, ಬಂಡಿ, ಪಾತ್ರೆಪಡಗ ಇಂಥವು. ಈ ಪ್ರಶ್ನೆಯನ್ನು ಕೇಳಿದವನು ನ್ಯಾಯಶಾಸ್ತ್ರದ ಪ್ರಾಧ್ಯಾಪಕನಲ್ಲ, ಸಮಾಜ ಸುಧಾರಕನೂ ಅಲ್ಲ. ನ್ಯೂಯಾರ್ಕ್ ತಂಡದ ಪರವಾಗಿ ಬಿಸಿಲಿನಲ್ಲಿ ಓಡಾಡಿ ಹೊಟ್ಟೆ ಹೊರೆಯುತ್ತಿದ್ದ ಇಪ್ಪತ್ತೇಳು ವರ್ಷದ ಆಟಗಾರ ಅವನು. ಹೆಸರು ಜಾನ್ ಮಾಂಟ್ಗೊಮರಿ ವಾರ್ಡ್. ಮೂರು ವರ್ಷಗಳ ಅನಂತರ, 1890ರಲ್ಲಿ, ಆಸ್ಕರ್ ವೈಲ್ಡನ ‘ಡೋರಿಯನ್ ಗ್ರೇಯ ಭಾವಚಿತ್ರ’ ಮೊತ್ತಮೊದಲು ಬೆಳಕು ಕಂಡದ್ದು ಇದೇ ಪತ್ರಿಕೆಯಲ್ಲಿ ಎಂದರೆ, ವಾರ್ಡನ ಲೇಖನ ಎಂಥ ಓದುಗರ ಮುಂದೆ ಹೋಯಿತೆಂಬುದು ತಿಳಿಯುತ್ತದೆ.

ಮನುಷ್ಯನು ಪಳಗಿಸಿಕೊಂಡ ವಿದ್ಯೆ ಯಾರದು? ಅವನದೆ, ಅಥವಾ ಅದಕ್ಕೆ ಸಂಬಳ ಕೊಡುವ ಧಣಿಯದೆ? ಸಂಗೀತಗಾರನು ಒಂದು ಸಭೆಯಲ್ಲಿ ಹಾಡಿದನೆಂದ ಮಾತ್ರಕ್ಕೆ ಮುಂದೆ ಇನ್ನಾವ ಸಭೆಯಲ್ಲಿಯೂ ಹಾಡಕೂಡದೆಂದು ಯಾರಾದರೂ ಕಟ್ಟುಮಾಡಿದರೆ ನಾವು ನಗುತ್ತೇವೆ. ಆದರೆ ಅಮೆರಿಕದ ಬೇಸ್‌ಬಾಲಿನಲ್ಲಿ ಸುಮಾರು ಒಂದು ಶತಮಾನದ ಕಾಲ ಇಂಥದೇ ಕಟ್ಟು ನಡೆಯಿತು. ಅದನ್ನು ಮೊದಲು ಸಂಘಟಿತವಾಗಿ ಎದುರಿಸಿದವನು ವಾರ್ಡ್. ಅವನು ಗೆಲ್ಲಲಿಲ್ಲ. ಆದರೂ ಅವನ ಬದುಕು ಗೆದ್ದವರ ಬದುಕಿಗಿಂತ ಹೆಚ್ಚು ಮನನಯೋಗ್ಯವಾಗಿದೆ.

ಪೆನ್ಸಿಲ್ವೇನಿಯಾ ರಾಜ್ಯದ ಬೆಲ್‌ಫಾಂಟ್ ಎಂಬ ಊರಿನಲ್ಲಿ 1860ರ ಮಾರ್ಚ್ 3ರಂದು ವಾರ್ಡ್ ಹುಟ್ಟಿದ. ತಾಯಿ ಶಾಲೆಯ ಉಪಾಧ್ಯಾಯಿನಿ. ಹದಿನಾಲ್ಕನೆಯ ವಯಸ್ಸಿನ ಹೊತ್ತಿಗೆ ಹುಡುಗ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡು ಅನಾಥನಾಗಿದ್ದ. ಆ ವೇಳೆಗಾಗಲೇ ಅವನನ್ನು ಪೆನ್ಸಿಲ್ವೇನಿಯಾ ಸ್ಟೇಟ್ ಕಾಲೇಜಿಗೆ ಸೇರಿಸಿದ್ದರು. ಅಲ್ಲಿ ಅವನು ಪುಸ್ತಕದೊಡನೆ ಚೆಂಡನ್ನೂ ಹಿಡಿದ. ಪದವಿ ಮುಗಿಸದೆ ಕಾಲೇಜನ್ನು ಬಿಟ್ಟವನಿಗೆ ಕೈಯಲ್ಲಿದ್ದ ಬಂಡವಾಳವೆಂದರೆ ತೋಳಿನ ಚಳಕ ಒಂದೇ. ಊರೂರು ಅಲೆದು ಸಣ್ಣಪುಟ್ಟ ತಂಡಗಳಲ್ಲಿ ಆಡಿ, 1878ರ ಜುಲೈ ತಿಂಗಳಲ್ಲಿ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ನಗರದ ತಂಡವನ್ನು ಸೇರಿದ. ಆಗ ಅವನಿಗೆ ಹದಿನೆಂಟು ವರ್ಷ.

ಬೇಸ್‌ಬಾಲ್ ನಮ್ಮಲ್ಲಿ ಬಳಕೆಯ ಆಟವಲ್ಲ. ಕ್ರಿಕೆಟ್ಟನ್ನು ಬಲ್ಲವರಿಗೆ ಅದನ್ನು ಎರಡು ಮಾತಿನಲ್ಲಿ ಹೀಗೆ ಹೇಳಬಹುದು. ಚೆಂಡೆಸೆಯುವ ಪಿಚರ್ ನಮ್ಮ ಬೌಲರನಂತೆ. ಆದರೆ ಚೆಂಡನ್ನು ನೆಲಕ್ಕೆ ಪುಟಿಸದೆ ನೇರವಾಗಿ ಎಸೆಯುತ್ತಾನೆ. ದಾಂಡಿಗನು ಹೊಡೆದ ಮೇಲೆ ಮೂರು ‘ಬೇಸ್’ಗಳನ್ನು, ಎಂದರೆ ನೆಲೆಗಳನ್ನು, ಒಂದೊಂದಾಗಿ ಸುತ್ತಿ ಹೊರಟ ಸ್ಥಳಕ್ಕೆ ಮರಳಿದರೆ ಒಂದು ಓಟ. ಒಂದು ತಂಡಕ್ಕೆ ಒಂಬತ್ತು ಸರದಿ, ಸರದಿಗೆ ಮೂವರು ಔಟಾಗುವವರೆಗೆ ಆಟ. ಆ ಕಾಲದಲ್ಲಿ ಪಿಚರ್ ಕೈಯನ್ನು ಭುಜದ ಮೇಲಕ್ಕೆ ಎತ್ತಿ ಎಸೆಯುವಂತಿರಲಿಲ್ಲ. ತಂಡಕ್ಕೆ ಒಬ್ಬಿಬ್ಬರೇ ಪಿಚರುಗಳು. ಇಂದು ಎಸೆದವನೇ ನಾಳೆಯೂ ಎಸೆಯಬೇಕು. ತೋಳು ಎಷ್ಟು ದಿನ ಬಾಳಿತೋ ಅಷ್ಟು ದಿನ ಅನ್ನ.

1879ರಲ್ಲಿ ಪ್ರಾವಿಡೆನ್ಸ್ ತಂಡ ನ್ಯಾಷನಲ್ ಲೀಗಿನ ಪ್ರಶಸ್ತಿಯನ್ನು ಗೆದ್ದಿತು. ಆ ವರ್ಷ ವಾರ್ಡ್ 70 ಪಂದ್ಯಗಳಲ್ಲಿ ಚೆಂಡೆಸೆದು 47 ಗೆಲುವುಗಳನ್ನು ತನ್ನ ಹೆಸರಿಗೆ ಬರೆಸಿಕೊಂಡ. ಇಂದಿನ ಕಾಲದಲ್ಲಿ ಒಬ್ಬ ಪಿಚರ್ ವರ್ಷಕ್ಕೆ ಇಪ್ಪತ್ತು ಗೆದ್ದರೆ ಪತ್ರಿಕೆಗಳು ಹೊಗಳುತ್ತವೆ. ಮರುವರ್ಷ, 1880ರ ಜೂನ್ 17ರಂದು, ಬಫೆಲೊ ತಂಡದ ವಿರುದ್ಧ ಅವನು ಎಸೆದ ಪಂದ್ಯ ಆಟದ ಚರಿತ್ರೆಯನ್ನೇ ಸೇರಿತು. ಎದುರಾಳಿಗಳ ಇಪ್ಪತ್ತೇಳು ಮಂದಿ ಒಬ್ಬರ ಹಿಂದೊಬ್ಬರು ದಾಂಡು ಹಿಡಿದು ಬಂದರು; ಒಬ್ಬನಾದರೂ ಮೊದಲನೆಯ ನೆಲೆಯನ್ನು ಮುಟ್ಟದೆ ಹಿಂದಿರುಗಿದ. ಇಂಥ ನಿಷ್ಕಳಂಕ ಪಂದ್ಯವನ್ನು ಅದಕ್ಕೆ ಐದು ದಿನ ಮೊದಲು ಲೀ ರಿಚ್ಮಂಡ್ ಎಂಬಾತ ಎಸೆದಿದ್ದ, ವಾರ್ಡನದು ಎರಡನೆಯದು. ನ್ಯಾಷನಲ್ ಲೀಗಿನಲ್ಲಿ ಮೂರನೆಯದನ್ನು ಕಾಣಲು ಜನ 84 ವರ್ಷ ಕಾಯಬೇಕಾಯಿತು.

1883ರಲ್ಲಿ ವಾರ್ಡ್ ನ್ಯೂಯಾರ್ಕ್ ತಂಡಕ್ಕೆ ಬಂದ. ಮರುವರ್ಷ ನೆಲೆಯಿಂದ ನೆಲೆಗೆ ಓಡುವಾಗ ಬಿದ್ದು ಬಲತೋಳಿಗೆ ಪೆಟ್ಟಾಯಿತು. ಆರು ವರ್ಷ ಬಿಡುವಿಲ್ಲದೆ ದುಡಿದ ತೋಳು ಮತ್ತೆ ಹಿಂದಿನಂತಾಗಲಿಲ್ಲ. ಬೇರೆಯವನಾಗಿದ್ದರೆ ಅಲ್ಲಿಗೆ ಕಥೆ ಮುಗಿಯುತ್ತಿತ್ತು. ವಾರ್ಡ್ ಎಡಗೈಯಲ್ಲಿ ಎಸೆಯುವುದನ್ನು ಕಲಿತು, ಆ ವರ್ಷದ ಉಳಿದ ಪಂದ್ಯಗಳಲ್ಲಿ ಮೈದಾನದ ಹಿಂಭಾಗದಲ್ಲಿ ನಿಂತು ಆಡಿದ! ಬಲತೋಳು ಅಷ್ಟಿಷ್ಟು ಸುಧಾರಿಸಿದ ಮೇಲೆ ಷಾರ್ಟ್‌ಸ್ಟಾಪ್ ಎಂಬ ಸ್ಥಾನಕ್ಕೆ ಬಂದ. ಎರಡನೆಯ ಮತ್ತು ಮೂರನೆಯ ನೆಲೆಗಳ ನಡುವೆ ನಿಂತು ಚುರುಕಾಗಿ ಚೆಂಡು ಹಿಡಿಯಬೇಕಾದ ಈ ಸ್ಥಾನಕ್ಕೆ ತೋಳಿನಷ್ಟೇ ಬುದ್ಧಿಯೂ ಬೇಕು. ಎದುರಾಳಿಯ ಕಣ್ಣು ತಪ್ಪಿಸಿ ನೆಲೆಯಿಂದ ನೆಲೆಗೆ ಜಿಗಿಯುವುದರಲ್ಲಿಯೂ ಅವನು ನಿಪುಣನಾದ; 1887ರಲ್ಲಿ ಹೀಗೆ 111 ನೆಲೆಗಳನ್ನು ಕದ್ದು ಲೀಗಿಗೇ ಮೊದಲಿಗನಾದ. ಪಿಚರ್ ಆಗಿ ನೂರಕ್ಕೂ ಹೆಚ್ಚು ಗೆಲುವು, ದಾಂಡಿಗನಾಗಿ ಎರಡು ಸಾವಿರಕ್ಕೂ ಹೆಚ್ಚು ಯಶಸ್ವೀ ಹೊಡೆತ — ಈ ಎರಡನ್ನೂ ಸಾಧಿಸಿದವರು ಮೇಜರ್ ಲೀಗುಗಳ ಚರಿತ್ರೆಯಲ್ಲಿ ಅವನ ಹೊರತು ಇನ್ನೊಬ್ಬರಿಲ್ಲ.

ಆಟವಿಲ್ಲದ ಚಳಿಗಾಲದ ತಿಂಗಳುಗಳಲ್ಲಿ ಸಂಗಡಿಗರು ವಿಶ್ರಮಿಸುತ್ತಿದ್ದಾಗ ವಾರ್ಡ್ ಕೊಲಂಬಿಯಾ ಕಾಲೇಜಿನಲ್ಲಿ ನ್ಯಾಯಶಾಸ್ತ್ರ ಓದಿದ. 1885ರಲ್ಲಿ ಕಾನೂನಿನ ಪದವಿ ಪಡೆದ. ಓದಿನ ಫಲವಾಗಿ ಅವನಿಗೆ ಒಂದು ಅಭ್ಯಾಸ ಬಂದಿತು: ಸಹಿ ಹಾಕುವ ಮುಂಚೆ ಕರಾರುಪತ್ರವನ್ನು ಕೊನೆಯ ಅಕ್ಷರದವರೆಗೆ ಓದುವುದು. ಆ ಅಭ್ಯಾಸವೇ ಅವನನ್ನು ಹೋರಾಟಕ್ಕೆ ಎಳೆಯಿತು.

ಐವರ ಪಟ್ಟಿ

1876ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಲೀಗಿನ ತಂಡಗಳು ಬಂಡವಾಳಗಾರರ ಒಡೆತನದಲ್ಲಿದ್ದುವು. ಒಳ್ಳೆಯ ಆಟಗಾರನನ್ನು ಹೆಚ್ಚು ಸಂಬಳದ ಆಸೆ ತೋರಿಸಿ ಒಬ್ಬರ ತಂಡದಿಂದ ಇನ್ನೊಬ್ಬರು ಸೆಳೆದುಕೊಳ್ಳುವುದು ನಡೆದೇ ಇತ್ತು. ಇದರಿಂದ ತಮಗೆ ನಷ್ಟವೆಂದು ಕಂಡ ಒಡೆಯರು 1879ರ ಸೆಪ್ಟೆಂಬರಿನಲ್ಲಿ ಬಫೆಲೊ ನಗರದಲ್ಲಿ ಸೇರಿ ಗುಟ್ಟಾಗಿ ಒಂದು ಒಡಂಬಡಿಕೆ ಮಾಡಿಕೊಂಡರು. ಪ್ರತಿಯೊಂದು ತಂಡವೂ ತನ್ನ ಐವರು ಆಟಗಾರರನ್ನು ಕಾದಿರಿಸಿಕೊಳ್ಳಬಹುದು. ಆ ಐವರೊಡನೆ ಲೀಗಿನ ಬೇರೆ ಯಾವ ತಂಡವೂ ಮಾತನಾಡಕೂಡದು.

ಮೊದಮೊದಲು ಈ ಪಟ್ಟಿಯಲ್ಲಿ ಹೆಸರು ಬರುವುದೇ ಒಂದು ಹೆಮ್ಮೆಯೆಂದು ಹಲವರು ತಿಳಿದರು. ಮುಂದಿನ ವರ್ಷದ ಕೆಲಸ ಖಾತರಿಯಾಯಿತಲ್ಲ ಎಂಬ ಸಮಾಧಾನ. ಆದರೆ ಐದು ಹೋಗಿ 1883ರಲ್ಲಿ ಹನ್ನೊಂದಾಯಿತು, 1887ರ ಹೊತ್ತಿಗೆ ಹದಿನಾಲ್ಕಾಯಿತು. ಹದಿನಾಲ್ಕೆಂದರೆ ಇಡೀ ತಂಡವೇ. ಒಂದು ವರ್ಷಕ್ಕೆಂದು ಸಹಿ ಹಾಕಿದ ಆಟಗಾರ ಧಣಿ ಬಿಡುವವರೆಗೆ ಅಲ್ಲಿಯೇ ಇರಬೇಕು. ಅವನು ಕೊಟ್ಟ ಸಂಬಳಕ್ಕೆ ಒಪ್ಪಬೇಕು, ಇಲ್ಲವೆ ಆಟವನ್ನೇ ಬಿಡಬೇಕು. ಧಣಿಗೆ ಮಾತ್ರ ಇಂಥ ಬಂಧನವಿಲ್ಲ. ಹತ್ತು ದಿನದ ಸೂಚನೆ ಕೊಟ್ಟು ಆಟಗಾರನನ್ನು ಹೊರಗೆ ಕಳುಹಿಸಬಹುದು.

ಕಾದಿರಿಸುವ ಹಕ್ಕಿನಿಂದ ಮಾರುವ ಹಕ್ಕು ತಾನಾಗಿ ಹುಟ್ಟಿತು. 1887ರ ಫೆಬ್ರವರಿಯಲ್ಲಿ ಶಿಕಾಗೊ ತಂಡ ತನ್ನ ಜನಪ್ರಿಯ ಆಟಗಾರ ಮೈಕ್ ಕೆಲ್ಲಿಯನ್ನು ಬಾಸ್ಟನ್ ತಂಡಕ್ಕೆ 10,000 ಡಾಲರಿಗೆ ಮಾರಿತು. ಆ ಹಣ ಹೋದದ್ದು ಶಿಕಾಗೊದ ಒಡೆಯರಿಗೆ. ಆಟಗಾರರ ಸಂಬಳಕ್ಕೆ ಲೀಗು ವರ್ಷಕ್ಕೆ 2,000 ಡಾಲರಿನ ಮಿತಿಯನ್ನು ಹಾಕಿಕೊಂಡಿತ್ತು. ಆ ಮಿತಿಯನ್ನು ಸುತ್ತಿ ದಾಟುವುದಕ್ಕಾಗಿ ಬಾಸ್ಟನ್ನಿನವರು ಕೆಲ್ಲಿಯ ಭಾವಚಿತ್ರವನ್ನು ಬಳಸುವ ಬಾಬ್ತೆಂದು ಇನ್ನೂ 3,000 ಡಾಲರು ಕೊಟ್ಟರು. ತಾವೇ ಹಾಕಿದ ಬೇಲಿಯನ್ನು ಒಡೆಯರು ತಮ್ಮ ಅನುಕೂಲಕ್ಕೆ ಹಾರುತ್ತಿದ್ದರು. ಆಟಗಾರನಿಗೆ ಅದು ಗೋಡೆಯಾಗಿಯೇ ಉಳಿಯುತ್ತಿತ್ತು.

1885ರ ಅಕ್ಟೋಬರಿನಲ್ಲಿಯೇ ವಾರ್ಡ್ ಮತ್ತು ನ್ಯೂಯಾರ್ಕ್ ತಂಡದ ಸಂಗಡಿಗರು, ಒಟ್ಟು ಒಂಬತ್ತು ಮಂದಿ, ಸದ್ದಿಲ್ಲದೆ ಸೇರಿ ವೃತ್ತಿಪರ ಬೇಸ್‌ಬಾಲ್ ಆಟಗಾರರ ಸೋದರ ಸಂಘವನ್ನು ಕಟ್ಟಿದ್ದರು. ವಾರ್ಡನೇ ಅಧ್ಯಕ್ಷ. ಅಮೆರಿಕದ ವೃತ್ತಿಪರ ಕ್ರೀಡೆಯಲ್ಲಿ ಆಟಗಾರರು ಕಟ್ಟಿಕೊಂಡ ಮೊದಲ ಸಂಘ ಅದು. ಎರಡು ವರ್ಷದಲ್ಲಿ ಲೀಗಿನ ಬಹುಪಾಲು ಆಟಗಾರರು ಅದರ ಸದಸ್ಯರಾಗಿದ್ದರು.

ಲಿಪಿನ್‌ಕಾಟ್ಸ್ ಪತ್ರಿಕೆಯ ಲೇಖನ ಈ ಸಂಘದ ಅಧ್ಯಕ್ಷ ಬರೆದದ್ದಾದರೂ ಅದರಲ್ಲಿ ಕೂಗಾಟವಿಲ್ಲ. ವಕೀಲನು ಮೊಕದ್ದಮೆಯನ್ನು ಕಟ್ಟುವಂತೆ ವಾರ್ಡ್ ಕಟ್ಟುಪಾಡಿನ ಚರಿತ್ರೆಯನ್ನು ಹಂತಹಂತವಾಗಿ ಬಿಡಿಸುತ್ತಾನೆ. ಆಟಕ್ಕೆ ಒಂದಿಷ್ಟು ಸ್ಥಿರತೆ ಅಗತ್ಯವಾಗಿತ್ತು ಎಂಬುದನ್ನು ಒಪ್ಪುತ್ತಾನೆ. ಒಡೆಯರಿಗೆ ಪರಸ್ಪರ ನಂಬಿಕೆ ಇದ್ದಿದ್ದರೆ ಈ ಕಟ್ಟು ಬೇಕಾಗುತ್ತಲೇ ಇರಲಿಲ್ಲ; ತಮ್ಮತಮ್ಮಲ್ಲಿನ ಅಪನಂಬಿಕೆಗೆ ಅವರು ಆಟಗಾರನಿಂದ ದಂಡ ವಸೂಲು ಮಾಡುತ್ತಿದ್ದಾರೆ ಎಂಬುದು ಅವನ ವಾದದ ತಿರುಳು. ಕೊನೆಗೆ ಈ ನಿಯಮವನ್ನು ಅವನು, ಓಡಿಹೋದ ಗುಲಾಮನನ್ನು ಹಿಡಿದು ಒಡೆಯನಿಗೆ ಒಪ್ಪಿಸಬೇಕೆಂದಿದ್ದ ಹಿಂದಿನ ಶಾಸನಕ್ಕೆ ಹೋಲಿಸಿದ. ಅಮೆರಿಕದಲ್ಲಿ ಗುಲಾಮಗಿರಿ ತೊಲಗಿ ಆಗ ಕೇವಲ ಇಪ್ಪತ್ತೆರಡು ವರ್ಷವಾಗಿತ್ತು. ಓದಿದವರಿಗೆ ಮಾತು ನಾಟಿತು.

ಇಲ್ಲಿ ಒಂದು ಸಂಗತಿಯನ್ನು ಮರೆಮಾಚಬಾರದು. ವಾರ್ಡನ ಲೇಖನ ಹೊರಬರುವ ಒಂದು ತಿಂಗಳು ಮುಂಚೆ, 1887ರ ಜುಲೈ 14ರಂದು, ನ್ಯೂವಾರ್ಕ್ ನಗರದಲ್ಲಿ ಶಿಕಾಗೊ ತಂಡ ಸ್ಥಳೀಯ ತಂಡದೊಡನೆ ಆಡಬೇಕಾಗಿತ್ತು. ನ್ಯೂವಾರ್ಕ್ ತಂಡದಲ್ಲಿ ಜಾರ್ಜ್ ಸ್ಟೋವಿ, ಮೋಸೆಸ್ ಫ್ಲೀಟ್‌ವುಡ್ ವಾಕರ್ ಎಂಬ ಇಬ್ಬರು ಕಪ್ಪು ಜನಾಂಗದ ಆಟಗಾರರಿದ್ದರು. ಅವರು ಇಳಿದರೆ ತಾನು ಆಡುವುದಿಲ್ಲವೆಂದು ಶಿಕಾಗೊದ ನಾಯಕ ಕ್ಯಾಪ್ ಆನ್ಸನ್ ಹಟ ಹಿಡಿದ. ಇಬ್ಬರೂ ಹೊರಗೆ ಕುಳಿತರು. ಅದೇ ದಿನ ಬಫೆಲೊದಲ್ಲಿ ಸೇರಿದ ಇಂಟರ್‌ನ್ಯಾಷನಲ್ ಲೀಗಿನ ಒಡೆಯರು, ಮುಂದೆ ಕಪ್ಪು ಆಟಗಾರರ ಕರಾರುಗಳಿಗೆ ಮಂಜೂರಾತಿ ಇಲ್ಲವೆಂದು ನಿರ್ಣಯಿಸಿದರು. ಬಿಳಿಯ ಆಟಗಾರನು ತಂಡವನ್ನು ಬಿಡಲಾರದ ತನ್ನ ಕಷ್ಟವನ್ನು ಗುಲಾಮಗಿರಿಯೆಂದು ಕರೆದುಕೊಳ್ಳುತ್ತಿದ್ದ ಹೊತ್ತಿನಲ್ಲಿಯೇ, ನಿಜವಾದ ಗುಲಾಮರ ಮಕ್ಕಳ ಪೀಳಿಗೆಗೆ ಮೈದಾನದ ಬಾಗಿಲು ಮುಚ್ಚುತ್ತಿತ್ತು. ಮುಂದೆ ವಾರ್ಡ್ ತಾನೇ ಕಟ್ಟಿದ ಲೀಗಿನಲ್ಲಿಯೂ ಕಪ್ಪು ಆಟಗಾರ ಒಬ್ಬನೂ ಇರಲಿಲ್ಲ. ಅವನು ಎತ್ತಿದ ಪ್ರಶ್ನೆ ಅವನು ಕಂಡುದಕ್ಕಿಂತ ದೊಡ್ಡದಾಗಿತ್ತು.

ಭೂಪ್ರದಕ್ಷಿಣೆ

1887ರ ನವೆಂಬರಿನಲ್ಲಿ ಲೀಗು ಸೋದರ ಸಂಘದ ಪ್ರತಿನಿಧಿಗಳೊಡನೆ ಮಾತುಕತೆಗೆ ಒಪ್ಪಿತು. ವೈರ ಕರಗಿತೆಂದು ತೋರಿತು. 1888ರಲ್ಲಿ ನ್ಯೂಯಾರ್ಕ್ ತಂಡ ಪ್ರಶಸ್ತಿಯನ್ನು ಗೆದ್ದಿತು. ಅದೇ ವರ್ಷ ಶಿಕಾಗೊ ತಂಡದ ಒಡೆಯ ಆಲ್ಬರ್ಟ್ ಸ್ಪಾಲ್ಡಿಂಗ್ ಬೇಸ್‌ಬಾಲಿನ ಕೀರ್ತಿಯನ್ನೂ, ತನ್ನ ಕ್ರೀಡಾಸಾಮಗ್ರಿಯ ವ್ಯಾಪಾರವನ್ನೂ ಹರಡಲು ಎರಡು ತಂಡಗಳನ್ನು ಕರೆದುಕೊಂಡು ಜಗತ್ತನ್ನು ಸುತ್ತಲು ಹೊರಟ. ಒಂದು ತಂಡಕ್ಕೆ ಆನ್ಸನ್ ನಾಯಕ, ಇನ್ನೊಂದಕ್ಕೆ ವಾರ್ಡ್.

ನವೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಿಂದ ಹಡಗು ಹತ್ತಿದವರು ಹವಾಯಿ, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳನ್ನು ಹಾದು 1889ರ ಜನವರಿಯಲ್ಲಿ ಕೊಲಂಬೊ ನಗರಕ್ಕೆ ಬಂದು ಅಲ್ಲಿ ಒಂದು ಪಂದ್ಯ ಆಡಿದರು. ಕಲ್ಕತ್ತೆಗೂ ಬರುವ ಯೋಜನೆ ಮೊದಲು ಇದ್ದಿತು. ಅದು ಕೈಬಿಟ್ಟುಹೋದ್ದರಿಂದ ಭಾರತದ ನೆಲದ ಮೇಲೆ ಅವರು ಆಡಲಿಲ್ಲ. ಫೆಬ್ರವರಿಯಲ್ಲಿ ಈಜಿಪ್ಟಿನ ಪಿರಮಿಡ್ಡುಗಳ ಬಳಿಯ ಮರಳಿನಲ್ಲಿ ಆಡಿ, ಇಟಲಿ ಫ್ರಾನ್ಸುಗಳನ್ನು ದಾಟಿ ಇಂಗ್ಲೆಂಡಿಗೆ ಹೋದರು.

ಸಂಘದ ಅಧ್ಯಕ್ಷ ಹೀಗೆ ಸಮುದ್ರಗಳ ಆಚೆ ಇದ್ದಾಗ ತಾಯ್ನಾಡಿನಲ್ಲಿ ಒಡೆಯರು ಹೊಸ ಯೋಜನೆಯೊಂದನ್ನು ಜಾರಿಗೆ ತಂದಿದ್ದರು. ಇಂಡಿಯಾನಾಪೊಲಿಸ್ ತಂಡದ ಜಾನ್ ಬ್ರಷ್ ರೂಪಿಸಿದ ಈ ಯೋಜನೆಯಂತೆ ಆಟಗಾರರನ್ನು ಐದು ದರ್ಜೆಗಳಾಗಿ ವಿಂಗಡಿಸಬೇಕು; ಮೊದಲ ದರ್ಜೆಗೆ 2,500 ಡಾಲರು, ಕೊನೆಯದಕ್ಕೆ 1,500. ದರ್ಜೆಯನ್ನು ನಿರ್ಧರಿಸುವಾಗ ಆಟದ ಯೋಗ್ಯತೆಯನ್ನಲ್ಲದೆ ಮೈದಾನದ ಹೊರಗಿನ ನಡವಳಿಕೆಯನ್ನೂ ನೋಡಬೇಕು. ತೂಗುವವರು ಯಾರು? ಸಂಬಳ ಕೊಡುವವರೇ. ಇದಲ್ಲದೆ ವಾರ್ಡನನ್ನೇ ವಾಷಿಂಗ್ಟನ್ ತಂಡಕ್ಕೆ 12,000 ಡಾಲರಿಗೆ ಮಾರುವ ಮಾತು ನಡೆದಿತ್ತು. ಮನುಷ್ಯನನ್ನು ಮಾರಬಹುದೆ ಎಂದು ಕೇಳಿದವನ ಕೊರಳಿಗೇ ಬೆಲೆಯ ಚೀಟಿ ಬಿದ್ದಿತು.

ವಾರ್ಡ್ ಪ್ರವಾಸ ಮುಗಿಯುವುದನ್ನು ಕಾಯದೆ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನಿಂದ ಹಿಂದಿರುಗಿದ. ವಾಷಿಂಗ್ಟನ್ನಿಗೆ ಹೋಗಲು ಒಪ್ಪಲಿಲ್ಲ, ಮಾರಾಟ ಮುರಿದುಬಿತ್ತು. ಸಂಘದ ಬಿಸಿರಕ್ತದವರು ಕೂಡಲೇ ಮುಷ್ಕರ ಹೂಡಬೇಕೆಂದರು. ವಾರ್ಡ್ ಅವರನ್ನು ತಡೆದ. ಸಹಿ ಹಾಕಿದ ಕರಾರನ್ನು ಮುರಿದರೆ ನ್ಯಾಯ ತಮ್ಮ ಕಡೆ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಆ ವರ್ಷ ಅವರು ತೆಪ್ಪಗೆ ಆಡಿದರು. ನ್ಯೂಯಾರ್ಕ್ ಮತ್ತೆ ಪ್ರಶಸ್ತಿ ಗೆದ್ದಿತು. ಒಳಗೊಳಗೆ ಬೇರೆಯ ಸಿದ್ಧತೆ ನಡೆಯಿತು.

ಆಟಗಾರರ ಲೀಗು

1889ರ ನವೆಂಬರ್ 4ರಂದು ಸೋದರ ಸಂಘ ತನ್ನ ಪ್ರಣಾಳಿಕೆಯನ್ನು ಪ್ರಕಟಿಸಿತು. ಹಿಂದೊಮ್ಮೆ ಪ್ರಾಮಾಣಿಕತೆಗೆ ಹೆಸರಾಗಿದ್ದ ಲೀಗು ಈಗ ಹಣವೊಂದನ್ನೇ ಕಾಣುತ್ತಿದೆ, ಆಟಗಾರರನ್ನು ಕುರಿಗಳಂತೆ ಕೊಂಡು ಮಾರುತ್ತಿದೆ ಎಂಬುದು ಅದರ ಆಪಾದನೆ. ಆದುದರಿಂದ ಮುಂದಿನ ವರ್ಷ ಆಟಗಾರರು ತಮ್ಮದೇ ಲೀಗನ್ನು ನಡೆಸುವರು.

ಇದು ಬರಿಯ ಬಂಡಾಯವಾಗಿರಲಿಲ್ಲ, ಒಂದು ಹೊಸ ವ್ಯವಸ್ಥೆಯಾಗಿತ್ತು. ಕ್ಲೀವ್‌ಲೆಂಡಿನ ಟ್ರಾಂ ಕಂಪನಿಯ ಆಲ್ಬರ್ಟ್ ಜಾನ್ಸನ್ ಮೊದಲಾದ ಹಣವಂತರು ಬಂಡವಾಳ ಹಾಕಿದರು. ಎಂಟು ನಗರಗಳಲ್ಲಿ ಎಂಟು ತಂಡಗಳು. ಲೀಗನ್ನು ಆಳುವ ಮಂಡಳಿಯಲ್ಲಿ ಹದಿನಾರು ಮಂದಿ. ಎಂಟು ಜನ ಬಂಡವಾಳಗಾರರ ಕಡೆಯವರು, ಎಂಟು ಜನ ಆಟಗಾರರ ಕಡೆಯವರು. ಕಾದಿರಿಸುವ ಪಟ್ಟಿ ಇಲ್ಲ, ದರ್ಜೆಗಳಿಲ್ಲ. ಆಟಗಾರನ ಒಪ್ಪಿಗೆ ಇಲ್ಲದೆ ಅವನನ್ನು ಬೇರೆ ತಂಡಕ್ಕೆ ಕಳುಹಿಸುವಂತಿಲ್ಲ. ಬಂದ ಲಾಭದಲ್ಲಿ ಆಟಗಾರರಿಗೂ ಪಾಲು. ನ್ಯಾಷನಲ್ ಲೀಗಿನ ಹೆಸರಾಂತ ಆಟಗಾರರಲ್ಲಿ ಬಹುಪಾಲು ಮಂದಿ ಹೊಸ ಲೀಗಿಗೆ ನಡೆದುಬಂದರು.

ನ್ಯೂಯಾರ್ಕ್ ತಂಡದ ಒಡೆಯರ ಕಂಪನಿ ವಾರ್ಡನ ಮೇಲೆ ದಾವೆ ಹೂಡಿತು. ಕಾದಿರಿಸುವ ನಿಯಮದಂತೆ ಅವನು ತಮ್ಮವನು, ಬೇರೆಡೆ ಆಡದಂತೆ ತಡೆಯಾಜ್ಞೆ ಕೊಡಬೇಕೆಂದು ಪ್ರಾರ್ಥನೆ. 1890ರ ಜನವರಿಯಲ್ಲಿ ನ್ಯಾಯಾಧೀಶ ಮಾರ್ಗನ್ ಓಬ್ರಿಯನ್ ಅದನ್ನು ನಿರಾಕರಿಸಿದರು. ಒಬ್ಬನನ್ನು ಕೊನೆಯಿಲ್ಲದೆ ಕಟ್ಟಿಹಾಕಿ, ಇನ್ನೊಬ್ಬನಿಗೆ ಹತ್ತೇ ದಿನದಲ್ಲಿ ಬಿಡಿಸಿಕೊಳ್ಳುವ ಸ್ವಾತಂತ್ರ್ಯ ಕೊಡುವ ಕರಾರಿನಲ್ಲಿ ಪರಸ್ಪರತೆ ಎಲ್ಲಿದೆ ಎಂಬುದು ತೀರ್ಪಿನ ಸಾರ. ಹತ್ತು ವರ್ಷ ಆಟಗಾರರನ್ನು ಹೆದರಿಸಿದ್ದ ನಿಯಮ ನ್ಯಾಯಾಲಯದ ಬೆಳಕಿನಲ್ಲಿ ನಿಲ್ಲಲಾರದೆ ಹೋಯಿತು.

ಮೈದಾನದ ಹೊರಗಿನ ಯುದ್ಧ ಬೇರೆಯದು. ಪಂದ್ಯಗಳ ಕಾಲಪಟ್ಟಿಯನ್ನು ನ್ಯಾಷನಲ್ ಲೀಗು ಬೇಕೆಂದೇ ಹೊಂದಿಸಿತು. ಒಂದೇ ನಗರದಲ್ಲಿ ಒಂದೇ ದಿನ ಎರಡು ಲೀಗುಗಳ ಪಂದ್ಯ. ನೋಡುವ ಜನ ಹಂಚಿಹೋದರು. ವಾರ್ಡ್ ಬ್ರೂಕ್ಲಿನ್ ತಂಡದ ನಾಯಕನಾಗಿ, ವ್ಯವಸ್ಥಾಪಕನಾಗಿ ದುಡಿದು ಅದನ್ನು ಎರಡನೆಯ ಸ್ಥಾನಕ್ಕೆ ತಂದ. ಪ್ರಶಸ್ತಿ ಬಾಸ್ಟನ್ನಿಗೆ ಹೋಯಿತು. ಪ್ರಕಟವಾದ ಲೆಕ್ಕದಂತೆ ಆಟಗಾರರ ಲೀಗಿಗೆ ಸುಮಾರು 9,80,000 ಪ್ರೇಕ್ಷಕರು, ನ್ಯಾಷನಲ್ ಲೀಗಿಗೆ ಸುಮಾರು 8,13,000. ಎರಡೂ ಕಡೆಯವರು ಈ ಅಂಕಿಗಳನ್ನು ಉಬ್ಬಿಸಿ ಹೇಳುತ್ತಿದ್ದರೆಂದು ಸ್ಪಾಲ್ಡಿಂಗನೇ ಅನಂತರ ಒಪ್ಪಿಕೊಂಡ. ಎಲ್ಲರಿಗೂ ನಷ್ಟವಾಯಿತೆಂಬುದರಲ್ಲಿ ಸಂದೇಹವಿಲ್ಲ. ನ್ಯಾಷನಲ್ ಲೀಗಿನ ನ್ಯೂಯಾರ್ಕ್ ತಂಡ ಆ ಜುಲೈನಲ್ಲಿ ದಿವಾಳಿಯ ಅಂಚಿಗೆ ಬಂದು, ಉಳಿದ ಒಡೆಯರು ಹಣ ಕೂಡಿಸಿ ಅದನ್ನು ಗುಟ್ಟಾಗಿ ಎತ್ತಿ ನಿಲ್ಲಿಸಬೇಕಾಯಿತು.

ಈ ಗುಟ್ಟು ಆಟಗಾರರ ಲೀಗಿನ ಬಂಡವಾಳಗಾರರಿಗೆ ತಿಳಿಯಲಿಲ್ಲ. ತಾವು ಮಾತ್ರವೇ ಮುಳುಗುತ್ತಿದ್ದೇವೆಂದು ಅವರು ಭಾವಿಸಿದರು. ಆ ಶರತ್ಕಾಲದಲ್ಲಿ ಸಂಧಾನಕ್ಕೆ ಕುಳಿತಾಗ ತಮ್ಮ ಲೆಕ್ಕದ ಪುಸ್ತಕವನ್ನು ಸ್ಪಾಲ್ಡಿಂಗನ ಮುಂದೆ ತೆರೆದಿಟ್ಟರು. ಅವನು ತನ್ನದನ್ನು ಮುಚ್ಚಿಯೇ ಇಟ್ಟಿದ್ದ. ವಾರ್ಡ್ ಮತ್ತು ಆಟಗಾರರ ಇತರ ಪ್ರತಿನಿಧಿಗಳು ಸಭೆಗೆ ಹೋದರು. ಇದು ಬಂಡವಾಳ ಹಾಕಿದವರ ನಡುವಣ ಮಾತುಕತೆ, ಆಟಗಾರರಿಗೆ ಇಲ್ಲಿ ಸ್ಥಳವಿಲ್ಲ ಎಂದು ನ್ಯಾಷನಲ್ ಲೀಗಿನವರು ಪಟ್ಟುಹಿಡಿದರು. ಆಟಗಾರರು ಹೊರಗುಳಿದರು. ಒಬ್ಬೊಬ್ಬರಾಗಿ ಹಣವಂತರು ತಮ್ಮ ಪಾಲನ್ನು ಹಳೆಯ ಲೀಗಿನೊಡನೆ ಹೊಂದಿಸಿಕೊಂಡರು. 1891ರ ಆರಂಭಕ್ಕೆ ಆಟಗಾರರ ಲೀಗು ಇಲ್ಲವಾಯಿತು. ಅದರ ಆಯುಸ್ಸು ಒಂದೇ ಋತು.

ಅದನ್ನು ಕೊಂದವರು ಶತ್ರುಗಳಲ್ಲ, ಜೊತೆಗಿದ್ದ ಹಣವಂತರು. ನ್ಯಾಯಾಲಯದಲ್ಲಿ ಗೆದ್ದು, ಮೈದಾನದಲ್ಲಿ ಗೆದ್ದು, ಪ್ರೇಕ್ಷಕರ ಎಣಿಕೆಯಲ್ಲಿಯೂ ಮುಂದಿದ್ದವರು ಲೆಕ್ಕದ ಮೇಜಿನ ಮುಂದೆ ಸೋತರು. ತಮ್ಮ ದುಡಿಮೆಗೆ ತಾವೇ ಒಡೆಯರಾಗಲು ಹೊರಟವರು ಬಂಡವಾಳಕ್ಕಾಗಿ ಇನ್ನೊಬ್ಬರನ್ನು ನಂಬಬೇಕಾಗಿ ಬಂದುದೇ ಆ ವ್ಯವಸ್ಥೆಯ ಒಳಗಿನ ಬಿರುಕು. ಪರಿಣಾಮ ಆಟಗಾರರ ಮೇಲೆ ಕಠೋರವಾಗಿ ಬಿದ್ದಿತು. 1892ರಿಂದ ಹನ್ನೆರಡು ತಂಡಗಳ ಒಂದೇ ಲೀಗು ಮೆರೆಯಿತು, ಸಂಬಳಗಳು ಇಳಿದವು, ಕಾದಿರಿಸುವ ನಿಯಮ ಮತ್ತೆ ಸಿಂಹಾಸನವೇರಿತು.

ಸೋಲಿನ ಅನಂತರ

ವಾರ್ಡ್ ಕಹಿಯಾಗಲಿಲ್ಲ, ಓಡಿಯೂ ಹೋಗಲಿಲ್ಲ. ನ್ಯಾಷನಲ್ ಲೀಗಿನಲ್ಲಿಯೇ ಬ್ರೂಕ್ಲಿನ್ ತಂಡವನ್ನೂ ಬಳಿಕ ನ್ಯೂಯಾರ್ಕ್ ತಂಡವನ್ನೂ ಆಡುತ್ತಲೇ ನಡೆಸಿದ. 1894ರಲ್ಲಿ ಅವನ ನ್ಯೂಯಾರ್ಕ್ ತಂಡ ಬಾಲ್ಟಿಮೋರಿನ ಬಲಿಷ್ಠ ತಂಡವನ್ನು ನಾಲ್ಕಕ್ಕೆ ನಾಲ್ಕು ಪಂದ್ಯಗಳಲ್ಲಿ ಸೋಲಿಸಿ ಟೆಂಪಲ್ ಕಪ್ಪನ್ನು ಗೆದ್ದಿತು. ಆ ಗೆಲುವಿನ ಮೇಲೆ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ, ಆಟವನ್ನು ಬಿಟ್ಟು ವಕೀಲಿ ಹಿಡಿದ. ಆಟ ಬಿಟ್ಟ ಮೇಲೂ ತಂಡದ ಕಾದಿರಿಸಿದ ಪಟ್ಟಿಯಲ್ಲಿ ಅವನ ಹೆಸರು ಉಳಿದಿತ್ತು! ಮತ್ತೆ ಆಡುವ ಉದ್ದೇಶ ಅವನಿಗಿರಲಿಲ್ಲ. ಆದರೂ ಅರ್ಜಿ ಹಾಕಿ ವಾದಿಸಿ 1896ರಲ್ಲಿ ತನ್ನ ಹೆಸರನ್ನು ಬಿಡಿಸಿಕೊಂಡ. ಇತರರಿಗಾಗಿ ಪಡೆಯಲಾರದೆ ಹೋದುದನ್ನು ತನ್ನೊಬ್ಬನ ಮಟ್ಟಿಗಾದರೂ ಅವನು ಪಡೆದ.

ಆಮೇಲಿನ ಬದುಕಿನಲ್ಲಿ ಅವನು ಒಮ್ಮೆ ನ್ಯಾಷನಲ್ ಲೀಗಿನ ಅಧ್ಯಕ್ಷ ಪದವಿಗೆ ಸ್ಪರ್ಧಿಯಾಗಿದ್ದ. 1912ರ ಸುಮಾರಿಗೆ ಬಾಸ್ಟನ್ ತಂಡದ ಪಾಲುದಾರನಾಗಿ, ಅಧ್ಯಕ್ಷನಾಗಿ, ತಾನು ಯಾರ ವಿರುದ್ಧ ಹೋರಾಡಿದ್ದನೋ ಆ ಒಡೆಯರ ಸಾಲಿನಲ್ಲಿ ಕೆಲಕಾಲ ಕುಳಿತೂ ಇದ್ದ. ಇದನ್ನು ನೋಡಿ ಅವನ ಹೋರಾಟವನ್ನು ಲಘುವಾಗಿ ಎಣಿಸಬೇಕಾಗಿಲ್ಲ. ಅವನು ಬಂಡವಾಳವನ್ನು ದ್ವೇಷಿಸಿದವನಲ್ಲ. ಒಪ್ಪಂದದ ಎರಡು ಕಡೆಗೂ ಒಂದೇ ತೂಕವಿರಬೇಕೆಂದು ಕೇಳಿದವನು. 1925ರ ಮಾರ್ಚ್ 4ರಂದು, ಅರವತ್ತೈದು ತುಂಬಿದ ಮರುದಿನ, ಜಾರ್ಜಿಯಾ ರಾಜ್ಯದ ಆಗಸ್ಟಾ ಎಂಬಲ್ಲಿ ತೀರಿಕೊಂಡ. ಬೇಸ್‌ಬಾಲಿನ ಕೀರ್ತಿಮಂದಿರಕ್ಕೆ ಅವನ ಹೆಸರು ಸೇರಿದ್ದು 1964ರಲ್ಲಿ. ಅವನ ನಿಷ್ಕಳಂಕ ಪಂದ್ಯದ ಅನಂತರ ನ್ಯಾಷನಲ್ ಲೀಗಿನಲ್ಲಿ ಮತ್ತೊಂದು ಅಂಥ ಪಂದ್ಯ ನಡೆದುದೂ ಅದೇ ವರ್ಷ.

ನಿಯಮ ಮಾತ್ರ ಅವನಿಗಿಂತ ಬಹುಕಾಲ ಬದುಕಿತು. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಬೇಸ್‌ಬಾಲಿಗೆ ಏಕಸ್ವಾಮ್ಯವಿರೋಧಿ ಶಾಸನ ಅನ್ವಯಿಸದೆಂದು ತೀರ್ಪಿತ್ತು. 1969ರಲ್ಲಿ ಸೇಂಟ್ ಲೂಯಿಸ್ ತಂಡ ಕರ್ಟ್ ಫ್ಲಡ್ ಎಂಬ ಆಟಗಾರನನ್ನು ಅವನನ್ನು ಕೇಳದೆ ಫಿಲಡೆಲ್ಫಿಯಾಕ್ಕೆ ದಾಟಿಸಿತು. ತನ್ನ ಇಷ್ಟಾನಿಷ್ಟಗಳನ್ನು ಲೆಕ್ಕಿಸದೆ ಕೊಂಡು ಮಾರುವುದಕ್ಕೆ ತಾನು ಸೊತ್ತಲ್ಲವೆಂದು ಅವನು ಆಟದ ಆಯುಕ್ತರಿಗೆ ಕಾಗದ ಬರೆದು ನ್ಯಾಯಾಲಯಕ್ಕೆ ಹೋದ. 1972ರಲ್ಲಿ ಐದಕ್ಕೆ ಮೂರು ಮತಗಳಿಂದ ಸೋತ. ಅವನ ಆಟದ ಬದುಕೂ ಬಹುಮಟ್ಟಿಗೆ ಅಲ್ಲಿಗೆ ಮುಗಿದಿತ್ತು. 1975ರ ಡಿಸೆಂಬರಿನಲ್ಲಿ ಪೀಟರ್ ಸೈಟ್ಸ್ ಎಂಬ ಪಂಚಾಯಿತಿದಾರರು ಬೇರೆ ಇಬ್ಬರು ಆಟಗಾರರ ದೂರಿನ ಮೇಲೆ, ಒಂದು ವರ್ಷದ ಕರಾರು ಒಂದು ವರ್ಷಕ್ಕಷ್ಟೇ ಎಂದು ತೀರ್ಮಾನ ಕೊಟ್ಟಾಗ, ಬಫೆಲೊದಲ್ಲಿ ಕಟ್ಟಿದ ಗಂಟು 96 ವರ್ಷಗಳ ಮೇಲೆ ಸಡಿಲಿತು.

ಕರ್ಟ್ ಫ್ಲಡ್ ಕಪ್ಪು ಜನಾಂಗದವನು. ವಾರ್ಡ್ 1887ರಲ್ಲಿ ಉಪಮೆಯಾಗಿ ಬಳಸಿದ ಮಾತನ್ನು 1969ರಲ್ಲಿ ಹೇಳಿದವನು, ಆ ಮಾತಿನ ಭಾರವನ್ನು ಮನೆತನದಿಂದ ಮನೆತನಕ್ಕೆ ಹೊತ್ತುಬಂದ ಜನರ ಪೈಕಿ ಒಬ್ಬ. ಮೋಸೆಸ್ ವಾಕರನನ್ನು ಹೊರಗೆ ಕೂರಿಸಿದ ಬಾಗಿಲು ತೆರೆಯುವುದಕ್ಕೂ, ವಾರ್ಡನನ್ನು ಒಳಗೆ ಕಟ್ಟಿಹಾಕಿದ ಬಾಗಿಲು ತೆರೆಯುವುದಕ್ಕೂ ಅಷ್ಟು ಕಾಲ ಬೇಕಾಯಿತು. ಒಂದು ಮಾಸಪತ್ರಿಕೆಯ ಕೆಲವು ಪುಟಗಳಲ್ಲಿ ಆಟಗಾರನೊಬ್ಬ ಬರೆದಿಟ್ಟ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಕಾಣಲು ಅವನು ಉಳಿದಿರಲಿಲ್ಲ. ಪ್ರಶ್ನೆಯನ್ನು ಸರಿಯಾಗಿ ಕೇಳಿಟ್ಟು ಹೋದನೆಂಬುದೇ ಅವನ ಬದುಕಿನ ಸಾರ್ಥಕ್ಯ.